ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಮಾಣಿ, ಮೂರನೇ ಸೆಲ್ಫ್ ಸ್ಟಾರ್ಟರ್ ತರಲು ಕುಂದಾಪುರಕ್ಕೆ ಹೊರಡುವ ಮೊದಲು ಇದನ್ನೊಮ್ಮೆ ಪೂರ್ತಿ ಓದು. ಅಂಗಡಿ ಎಲ್ಲಿಗೂ ಓಡಿಹೋಗುವುದಿಲ್ಲ. ಬಸ್ರೂರಿನಿಂದ ಬಸ್ಸುಗಳೂ ಬೇಕಾದಷ್ಟಿವೆ.

ನೀನು ಮಾಡಿದ ಕೆಲಸದ ಬಗ್ಗೆ ನನಗೆ ದೂರಿಲ್ಲ, ಹೆಮ್ಮೆಯೇ ಇದೆ. ನಿನ್ನ ಅಜ್ಜಯ್ಯ ತಂದ ಮಾರುತಿ 800ನ್ನು ಗುಜರಿಗೆ ಕೊಡುವುದು ಬೇಡ ಎಂದು ಹಟ ಹಿಡಿದವನು ನೀನು. ಕೊಟ್ಟಿಗೆ ಪಕ್ಕದ ಮಾಡಿನಡಿ ನಿಲ್ಲಿಸಿಕೊಂಡು ಹೆಡ್ ಇಳಿಸಿದೆ, ಗ್ಯಾಸ್ಕೆಟ್ ಬದಲಿಸಿದೆ. ಕೈ ಹಾಕಿದ್ದೇ ಹಾಕಿದ್ದು ಎಂದು ಗೇರ್‌ಬಾಕ್ಸೂ ಇಳಿಸಿ ಕ್ಲಚ್ ಪ್ಲೇಟ್ ಹೊಸತು ಕೂರಿಸಿದೆ. ಎಂಜಿನ್ ಒಂದೇ ಸೆಲ್ಫಿಗೆ ಹಿಡಿಯಿತು. ಆಮೇಲೆ ಶುರುವಾಯಿತು ಈ ಕಾಟ. ಹಳೆಯ ಸೆಲ್ಫ್ ಕೈಕೊಟ್ಟಿತು, ಹೊಸತು ಹಾಕಿದೆ. ಅದೂ ಮಳೆಗಾಲ ಕಾಣಲಿಲ್ಲ. ಈಗ ಫೋನಿನಲ್ಲಿ “ಪಾರ್ಟೇ ಡೂಪ್ಲಿಕೇಟ್ ಮಾವ” ಅನ್ನುತ್ತೀಯ.

ಒಂದು ಕೆಟ್ಟಾಗ ಹಾಗನ್ನಬಹುದು. ಆದರೆ ಒಂದೇ ಜಾಗದಲ್ಲಿ ಕೂತ ಎರಡು ಸೆಲ್ಫ್ ಬೆನ್ನುಬೆನ್ನಿಗೆ ಹೋದರೆ ಮೊದಲು ಅನುಮಾನಪಡಬೇಕಾದ್ದು ಆ ಜಾಗವನ್ನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ನಿನ್ನ ದುಡ್ಡು ಈಗ ಹಾಗೆ ಹೋಗುತ್ತಿದೆ. ನಾನು ಹೇಳಬೇಕೆಂದಿರುವುದು ಇಷ್ಟೇ: ಯಾಕೆ ಕೆಟ್ಟಿತು ಎಂದು ಬಾಯಿಬಿಟ್ಟು ಹೇಳಲು ಬರುವ ತನಕ ಪಾರ್ಟ್ ಬದಲಿಸಬೇಡ. ಉಳಿದದ್ದೆಲ್ಲ ಆ ಕಾರಣವನ್ನು ಹುಡುಕುವ ಬಗೆ.

ಮೊದಲು ಈ ಸೆಲ್ಫ್ ಎನ್ನುವುದು ಎಂಥ ಜಾತಿಯ ಮೋಟರ್ ಎಂದು ತಿಳಿದುಕೊ. ಮಂಗಳೂರಿನಲ್ಲಿ 1914ರಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಬಸ್ ಕಂಪನಿ, ನಮ್ಮವರ ಬಾಯಲ್ಲಿ ಸಿಪಿಸಿ, ಶುರುವಾದ ಕಾಲಕ್ಕೆ ಗಾಡಿ ಎಬ್ಬಿಸುವುದೆಂದರೆ ಮುಂದೆ ನಿಂತು ಹ್ಯಾಂಡಲ್ ತಿರುಗಿಸುವುದು. ಎಂಜಿನ್ ಹಿಂದಕ್ಕೆ ಒದ್ದರೆ ಮುಂಗೈ ಮುರಿಯುತ್ತಿತ್ತು. ಅದಕ್ಕೆ ಕರೆಂಟಿನ ದಾರಿ ಕಂಡುಹಿಡಿದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅವನ ಸ್ಟಾರ್ಟರ್ 1912ರ ಮಾಡೆಲ್ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಅದಕ್ಕೂ ಮೊದಲು ಆತ ಅಂಗಡಿಗಳಲ್ಲಿ ದುಡ್ಡಿನ ಲೆಕ್ಕ ಇಡುವ ಕ್ಯಾಶ್ ರಿಜಿಸ್ಟರನ್ನು ಕರೆಂಟಿನಿಂದ ಓಡಿಸಿದ್ದವನು. ಅಲ್ಲಿ ಕಂಡುಕೊಂಡ ಗುಟ್ಟೇ ಇಲ್ಲೂ ನಡೆಯಿತು: ಮೋಟರಿಗೆ ಕೆಲವೇ ಸೆಕೆಂಡಿನ ಕೆಲಸವಾದರೆ ಅದರ ತಾಕತ್ತಿಗೆ ಮೀರಿದ ಹೊರೆ ಹೊರಿಸಬಹುದು, ಬಿಸಿಯಾಗುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಅಂಗೈ ಎರಡು ಸೇರಿಸಿದರೆ ಹಿಡಿಯುವಷ್ಟು ಸಣ್ಣ ಮೋಟರ್ ಒಂದು ಎಂಜಿನ್ನನ್ನು ತಿರುಗಿಸುವುದು ಈ ಒಪ್ಪಂದದ ಮೇಲೆ. ಒಪ್ಪಂದ ಮುರಿದರೆ, ಅಂದರೆ ಎಂಜಿನ್ ಬಿಗಿಯಾಗಿದ್ದರೆ, ಕರೆಂಟ್ ಸಾಲದಿದ್ದರೆ, ಹಿಡಿಯದ ಎಂಜಿನ್ನಿಗೆ ನಿಮಿಷಗಟ್ಟಲೆ ಕೀ ತಿರುಗಿಸಿ ಹಿಡಿದರೆ, ಯಾವ ಕಂಪನಿಯ ಸೆಲ್ಫೂ ಉಳಿಯುವುದಿಲ್ಲ. ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡ. ಹಿಡಿಯದಿದ್ದರೆ ಒಂದು ನಿಮಿಷ ಬಿಟ್ಟು ಮತ್ತೆ ಹೊಡಿ. ನಾಲ್ಕು ಸಲಕ್ಕೂ ಹಿಡಿಯದಿದ್ದರೆ ಕೀ ತೆಗೆದು ಬಾನೆಟ್ ಎತ್ತು.

ನಾನು ಬಸ್ಸಿನ ಶೆಡ್ಡಿನಲ್ಲಿ ಕೆಲಸ ಕಲಿತವನು. ಅಲ್ಲಿಯ ಹಿರಿಯ ಮೇಸ್ತ್ರಿ ಯಾವ ಗಾಡಿ ಬಂದರೂ ಸ್ಪ್ಯಾನರ್ ಮುಟ್ಟುವ ಮೊದಲು ಒಂದೇ ಪ್ರಶ್ನೆ ಕೇಳುತ್ತಿದ್ದರು: “ಕಡೀಗ್ ಮುಟ್ಟಿದ್ ಎಂತ?” ನಿನಗೂ ಅದೇ ಪ್ರಶ್ನೆ. ಒಂದು ಹಾಳೆಯಲ್ಲಿ ಬರಿ. ಹೆಡ್ ಇಳಿಸುವಾಗ ಯಾವ ತಂತಿ ಕಳಚಿದೆ? ಡಿಸ್ಟ್ರಿಬ್ಯೂಟರ್ ಅಲ್ಲಾಡಿಸಿದೆಯಾ? ಟೈಮಿಂಗ್ ಬೆಲ್ಟ್ ಬಿಚ್ಚಿದೆಯಲ್ಲ, ಗುರುತು ನೋಡಿಯೇ ಕೂರಿಸಿದೆಯಾ? ಗೇರ್‌ಬಾಕ್ಸ್ ಇಳಿಸುವಾಗ ಅದಕ್ಕೆ ಬಿಗಿದಿದ್ದ ಅರ್ಥ್ ತಂತಿ ಮತ್ತೆ ಅದೇ ಬೋಲ್ಟಿಗೆ ಹೋಯಿತಾ? ಗೇರ್‌ಬಾಕ್ಸನ್ನು ಚಂದ ಕಾಣಲಿ ಎಂದು ಬೆಳ್ಳಿ ಬಣ್ಣ ಹೊಡೆದೆಯಲ್ಲ, ಸೆಲ್ಫ್ ಕೂರುವ ಜಾಗಕ್ಕೂ ಹೊಡೆದೆಯಾ? ಎಲ್ಲ ಜೋಡಿಸಿದ ಮೇಲೆ ಡಬ್ಬಿಯಲ್ಲಿ ಉಳಿದ ಬೋಲ್ಟು, ವಾಷರು, ಸಣ್ಣ ಪಿನ್ನು ಯಾವುವು? ರಿಪೇರಿಗೆ ಮೊದಲು ವರ್ಷಗಟ್ಟಲೆ ಇಲ್ಲದ ತೊಂದರೆ ರಿಪೇರಿಯ ಮರುವಾರ ಬಂದರೆ, ಕಾರಣ ಹೆಚ್ಚಾಗಿ ಈ ಹಾಳೆಯಲ್ಲೇ ಇರುತ್ತದೆ.

ಎರಡನೆಯದು, ಕಿವಿ ಕೊಡುವುದು. “ಸೆಲ್ಫ್ ಎತ್ತುವುದಿಲ್ಲ” ಎಂದು ನೀನು ಒಂದೇ ಮಾತಿನಲ್ಲಿ ಹೇಳುವುದು ನಾಲ್ಕು ಬೇರೆಬೇರೆ ಕಾಯಿಲೆ. ಕೀ ತಿರುಗಿಸಿದರೂ ಸದ್ದೇ ಇಲ್ಲ ಅಂದರೆ ಸೆಲ್ಫ್ ತನಕ ಆಜ್ಞೆಯೇ ಹೋಗಿಲ್ಲ. ಕೀ ಸ್ವಿಚ್ಚು, ಮೋಟರಿಗೆ ಕರೆಂಟ್ ಕೂಡಿಸುವ ಸೊಲೆನಾಯ್ಡಿಗೆ ಹೋಗುವ ಸಣ್ಣ ತಂತಿಯ ಸಾಕೆಟ್ಟು ನೋಡು. ಒಂದೇ ಒಂದು ಗಟ್ಟಿ ‘ಟಕ್’ ಬಂದು ನಿಂತರೆ ಸೊಲೆನಾಯ್ಡ್ ಎಳೆದಿದೆ, ಆದರೆ ಮೋಟರ್ ತಿರುಗಿಲ್ಲ. ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿರಬೇಕು, ಇಲ್ಲವೇ ಎಂಜಿನ್ನೇ ಬಿಗಿದು ಕೂತಿರಬೇಕು. ‘ಟಕಟಕಟಕ’ ಎಂದು ಬಡಿದುಕೊಂಡರೆ ಕರೆಂಟು ಬರುವ ದಾರಿಯಲ್ಲಿ ಅಡ್ಡಿ. ಸೊಲೆನಾಯ್ಡಿನ ಒಳಗೆ ಎಳೆಯಲು ಒಂದು ಸುರುಳಿ, ಎಳೆದದ್ದನ್ನು ಹಿಡಿದಿಡಲು ಇನ್ನೊಂದು. ಕಾಂಟ್ಯಾಕ್ಟ್ ಕೂಡಿದ ಕೂಡಲೇ ಮೋಟರ್ ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಹಿಡಿದಿಡುವ ಸುರುಳಿಗೆ ಶಕ್ತಿ ಸಾಲದೆ ಬಿಡುತ್ತದೆ. ಬಿಟ್ಟ ಕೂಡಲೇ ವೋಲ್ಟೇಜ್ ಏರಿ ಮತ್ತೆ ಎಳೆಯುತ್ತದೆ. ಪ್ರತಿ ಬಡಿತಕ್ಕೂ ಒಳಗೊಂದು ಕಿಡಿ, ಪ್ರತಿ ಕಿಡಿಗೂ ತಾಮ್ರದಲ್ಲೊಂದು ಗುಳಿ. ಹೊಸ ಸೆಲ್ಫ್ ತಿಂಗಳೊಪ್ಪತ್ತಿನಲ್ಲಿ ಸಾಯುವ ಒಂದು ದಾರಿ ಇದೇ. ನಾಲ್ಕನೆಯದು, ಮೋಟರ್ ‘ಗುಂಯ್’ ಎಂದು ತಿರುಗಿ ಎಂಜಿನ್ ತಿರುಗದೆ ಇರುವುದು, ಅಥವಾ ಹಲ್ಲಿಗೆ ಹಲ್ಲು ತಾಗಿ ‘ಕರ್ರ್’ ಅನ್ನುವುದು. ಅದು ಸೆಲ್ಫಿನ ಮೂತಿಯ ಹಲ್ಲುಚಕ್ರ, ಅಂದರೆ ಬೆಂಡಿಕ್ಸ್, ಮತ್ತು ಫ್ಲೈವೀಲ್ ರಿಂಗಿನ ಜಗಳ. ನಿನ್ನದು ಯಾವ ಸದ್ದು ಎಂದು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸು. ಸದ್ದಿನ ಮೇಲೆ ಅರ್ಧ ಹುಡುಕಾಟ ಮುಗಿಯುತ್ತದೆ.

ಮೂರನೆಯದು, ಸೆಲ್ಫನ್ನು ದೂರುವ ಮೊದಲು ಎಂಜಿನ್ನನ್ನು ಕೈಯಲ್ಲಿ ತಿರುಗಿಸಿ ನೋಡು. ಹ್ಯಾಂಡಲ್ ಹೊಡೆಯುತ್ತಿದ್ದ ಕಾಲದ ಡ್ರೈವರಿಗೆ ಎಂಜಿನ್ನಿನ ಆರೋಗ್ಯ ದಿನಾ ಬೆಳಿಗ್ಗೆ ತೋಳಿಗೇ ಗೊತ್ತಾಗುತ್ತಿತ್ತು. ಕೀ ಬಂದ ಮೇಲೆ ಆ ತಿಳಿವಳಿಕೆ ಹೋಯಿತು. ಬ್ಯಾಟರಿ ಕಳಚಿ, ಗೇರ್ ನ್ಯೂಟ್ರಲ್ ಮಾಡಿ, ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಉದ್ದನೆ ಸ್ಪ್ಯಾನರ್ ಕೊಟ್ಟು ಎಂಜಿನ್ ತಿರುಗುವ ದಿಕ್ಕಿಗೇ ಎರಡು ಪೂರ್ತಿ ಸುತ್ತು ತಿರುಗಿಸು. ಎಲ್ಲ ಕಡೆ ಒಂದೇ ಹದದಲ್ಲಿ ಬರಬೇಕು. ಒಂದು ಜಾಗದಲ್ಲಿ ಮಾತ್ರ ಗಟ್ಟಿಯಾದರೆ ಅಲ್ಲಿ ಏನೋ ತಾಗುತ್ತಿದೆ. ಪ್ಲಗ್ ತೂತಿನಿಂದ ನೀರು ಹಾರಿದರೆ ನೀನು ಕೂರಿಸಿದ ಗ್ಯಾಸ್ಕೆಟ್ ಸೋರುತ್ತಿದೆ. ರಾತ್ರಿಯಿಡೀ ರೇಡಿಯೇಟರ್ ನೀರು ಹನಿಹನಿ ಸಿಲಿಂಡರಿಗೆ ಇಳಿದರೆ ಬೆಳಿಗ್ಗೆಯ ಮೊದಲ ಸೆಲ್ಫಿಗೆ ಪಿಸ್ಟನ್ ಆ ನೀರನ್ನು ಒತ್ತಲಾರದೆ ‘ಡಬ್’ ಎಂದು ನಿಲ್ಲುತ್ತದೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಹಾಗೆ ನಿಂತಾಗ ಸೆಲ್ಫಿನ ಮೂತಿ ಒಡೆಯುವುದಿದೆ, ಕನೆಕ್ಟಿಂಗ್ ರಾಡ್ ಬಾಗುವುದೂ ಇದೆ. ದಿನಾ ಬೆಳಿಗ್ಗೆ ಮಾತ್ರ ಕಷ್ಟ, ಹಗಲೆಲ್ಲ ಸಲೀಸು ಎಂದು ನೀನು ಹೇಳಿದ್ದು ನಿಜವಾದರೆ ಇದನ್ನು ಮೊದಲು ನೋಡು.

ಈಗ ಕರೆಂಟಿನ ವಿಷಯ. ನಿನ್ನ ಕೇಸಿನಲ್ಲಿ ನನ್ನ ಅನುಮಾನ ಹೆಚ್ಚು ಇಲ್ಲಿದೆ.

ಎಂಜಿನ್ನೂ ಗೇರ್‌ಬಾಕ್ಸೂ ರಬ್ಬರ್ ಮೌಂಟಿನ ಮೇಲೆ ಕೂತಿವೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಸೆಲ್ಫಿಗೆ ಪಾಸಿಟಿವ್ ದಪ್ಪ ಕೇಬಲ್ ಬರುತ್ತದೆ, ಆದರೆ ವಾಪಸು ಹೋಗುವ ದಾರಿ ಅದರ ಮೈಯೇ. ಸೆಲ್ಫಿನ ಮೈಯಿಂದ ಗೇರ್‌ಬಾಕ್ಸ್, ಗೇರ್‌ಬಾಕ್ಸಿನಿಂದ ಅರ್ಥ್ ಕೇಬಲ್, ಅಲ್ಲಿಂದ ಬ್ಯಾಟರಿಯ ನೆಗೆಟಿವ್. ಈ ವಾಪಸಿನ ದಾರಿಯಲ್ಲಿ ಬಣ್ಣ, ತುಕ್ಕು, ಸಡಿಲ ಬೋಲ್ಟ್ ಯಾವುದಿದ್ದರೂ ಸಾಕು. ಲೆಕ್ಕ ಹಾಕಿ ನೋಡು: ಸಣ್ಣ ಕಾರಿನ ಸೆಲ್ಫ್ ಎಂಜಿನ್ ತಿರುಗಿಸುವಾಗ ಸುಮಾರು 100 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊ, ತಿರುಗಲು ಶುರುವಾಗುವ ಕ್ಷಣದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ದಾರಿಯಲ್ಲಿ ಒಂದು ಓಮಿನ ನೂರರಲ್ಲಿ ಎರಡು ಪಾಲು ಅಡ್ಡಿ ಇದ್ದರೆ 2 ವೋಲ್ಟ್ ಅಲ್ಲೇ ಮುಗಿಯಿತು. ನಿನ್ನ ಮಲ್ಟಿಮೀಟರನ್ನು ಓಮಿಗೆ ಇಟ್ಟು ಕೇಬಲ್ ಅಳೆದರೆ ಈ ಅಡ್ಡಿ ಕಾಣುವುದಿಲ್ಲ, ಮೀಟರಿನ ತಂತಿಗಳ ಅಡ್ಡಿಯೇ ಅದಕ್ಕಿಂತ ಜಾಸ್ತಿ. “ಕಂಟಿನ್ಯುಟಿ ಬೀಪ್ ಬಂತು ಮಾವ, ತಂತಿ ಸಮಾ ಉಂಟು” ಎಂದು ನೀನು ಹೇಳಿದ್ದಕ್ಕೆ ನಾನು ಸುಮ್ಮನಾದದ್ದು ಇದಕ್ಕೇ. ನೂರು ಎಳೆಯಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ.

ಆದ್ದರಿಂದ ಹೊರೆ ಹೊತ್ತಾಗಲೇ ಅಳೆಯಬೇಕು. ಇಗ್ನಿಷನ್ ಕಾಯಿಲ್‌ಗೆ ಹೋಗುವ ಸಣ್ಣ ತಂತಿ ಕಳಚು, ಎಂಜಿನ್ ಹಿಡಿಯಬಾರದು. ತಂಗಿಯನ್ನೋ ತಮ್ಮನನ್ನೋ ಸೀಟಿನಲ್ಲಿ ಕೂರಿಸು. ಮೀಟರ್ ಡಿ.ಸಿ. ವೋಲ್ಟಿಗೆ ಇಡು. ನಾಲ್ಕು ಅಂಕಿ ಬೇಕು. ಮೊದಲನೆಯದು, ಬ್ಯಾಟರಿ ಸುಮ್ಮನಿದ್ದಾಗ: 12.6 ಇದ್ದರೆ ಹೊಟ್ಟೆ ತುಂಬಿದೆ, 12ಕ್ಕೆ ಬಂದಿದ್ದರೆ ಚಾರ್ಜ್ ಮಾಡದೆ ಮುಂದೆ ಹೋಗಬೇಡ. ಎರಡನೆಯದು, ಸೆಲ್ಫ್ ಹೊಡೆಯುವಾಗ ಅದೇ ಬ್ಯಾಟರಿಯ ಮೇಲೆ: ನಮ್ಮ ಸೆಕೆಯಲ್ಲಿ 10ರ ಮೇಲೆ ನಿಲ್ಲಬೇಕು, 9.6ಕ್ಕಿಂತ ಕೆಳಗೆ ಹೋದರೆ ಬ್ಯಾಟರಿಗೆ ದಮ್ಮಿಲ್ಲ ಅಥವಾ ಸೆಲ್ಫ್ ಅತಿಯಾಗಿ ಎಳೆಯುತ್ತಿದೆ. ಮೂರನೆಯದು ಮುಖ್ಯ: ಮೀಟರಿನ ಒಂದು ತುದಿ ಬ್ಯಾಟರಿ ನೆಗೆಟಿವಿನ ಸೀಸದ ಕಂಬಕ್ಕೆ, ಇನ್ನೊಂದು ಸೆಲ್ಫಿನ ಬರಿ ಮೈಗೆ ಒತ್ತಿ ಹಿಡಿದು ಸೆಲ್ಫ್ ಹೊಡೆಸು. 0.2, ಹೆಚ್ಚೆಂದರೆ 0.3. ಅಲ್ಲಿ 1 ವೋಲ್ಟ್ ಕಂಡರೆ ಕಳ್ಳ ಸಿಕ್ಕಿದ. ನಾಲ್ಕನೆಯದು, ಬ್ಯಾಟರಿ ಪಾಸಿಟಿವ್ ಕಂಬದಿಂದ ಸೆಲ್ಫಿನ ದಪ್ಪ ಬೋಲ್ಟಿಗೆ: ಅರ್ಧ ವೋಲ್ಟಿನೊಳಗಿರಬೇಕು. ಕಂಬಕ್ಕೇ ಒತ್ತು, ಅದರ ಮೇಲಿನ ಟರ್ಮಿನಲ್ಲಿಗೆ ಅಲ್ಲ. ಎಷ್ಟೋ ಸಲ ಅಡ್ಡಿ ಕಂಬಕ್ಕೂ ಟರ್ಮಿನಲ್ಲಿಗೂ ನಡುವೆಯೇ ಇರುತ್ತದೆ.

ಮೀಟರಿಲ್ಲದವರಿಗೂ ಒಂದು ದಾರಿಯುಂಟು. ಜಂಪರ್ ಕೇಬಲ್ಲಿನ ಒಂದು ಎಳೆ ತಂದು ಬ್ಯಾಟರಿ ನೆಗೆಟಿವಿನಿಂದ ನೇರ ಗೇರ್‌ಬಾಕ್ಸಿನ ಬರಿ ಲೋಹಕ್ಕೆ ಕಚ್ಚಿಸು. ಅಷ್ಟರಲ್ಲೇ ಸೆಲ್ಫ್ ಚುರುಕಾದರೆ ನಿನ್ನ ಅರ್ಥ್ ದಾರಿ ಸರಿಯಿಲ್ಲ. ಇನ್ನೊಂದು ಗುರುತು: ಅರ್ಥ್ ಕೇಬಲ್ ಪೂರ್ತಿ ಬಿಟ್ಟುಹೋಗಿದ್ದರೆ ಕರೆಂಟ್ ಸುಮ್ಮನಿರುವುದಿಲ್ಲ, ಎಂಜಿನ್ನಿಗೂ ಬಾಡಿಗೂ ನಡುವೆ ಲೋಹದ್ದು ಏನು ಸಿಕ್ಕಿದರೂ ಅದನ್ನೇ ಹಿಡಿದು ಹೋಗುತ್ತದೆ. ಆಕ್ಸಿಲರೇಟರ್ ಕೇಬಲ್, ಚೋಕ್ ಕೇಬಲ್, ಕ್ಲಚ್ ಕೇಬಲ್. ನಾಲ್ಕು ಸಲ ಸೆಲ್ಫ್ ಹೊಡೆದ ಮೇಲೆ ಆ ಕೇಬಲ್ಲುಗಳು ಬಿಸಿಯಾಗಿದ್ದರೆ, ಮೇಲಿನ ಪ್ಲಾಸ್ಟಿಕ್ ಕರಗಿದ ವಾಸನೆ ಬಂದರೆ, ಬೇರೆ ಸಾಕ್ಷಿ ಬೇಡ. ಕ್ಲಚ್ ಹಾಕಿದ ಮೇಲೆ ಆಕ್ಸಿಲರೇಟರ್ ಬಿಗಿಯಾಯಿತು ಎಂದು ನೀನು ಹೇಳಿದ್ದೆ. ಆ ಕೇಬಲ್ಲನ್ನು ಒಮ್ಮೆ ಮುಟ್ಟಿ ನೋಡು.

ಇದರ ಮೇಲೆ ನಮ್ಮ ಊರಿನ ಹವೆ. ವಾರಾಹಿಯಲ್ಲಿ ಭರತ ಬಂದಾಗ ಉಪ್ಪುನೀರು ನಮ್ಮ ದಂಡೆಯ ತನಕ ಏರುತ್ತದೆ. ಬಸ್ರೂರು ಬಂದರಾದದ್ದು, 1665ರಲ್ಲಿ ಶಿವಾಜಿಯ ಹಡಗುಗಳು ಇಲ್ಲಿಗೆ ಬಂದದ್ದು ಅದೇ ನೀರಿನ ದಾರಿಯಲ್ಲಿ. ಹಡಗು ಬರುವುದು ನಿಂತರೂ ಉಪ್ಪು ಬರುವುದು ನಿಂತಿಲ್ಲ. ಮೇಲೆ ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ. ನೀನೋ ಭಾನುವಾರ ಬಂತೆಂದರೆ ಗೆಳೆಯರನ್ನು ಹೇರಿಕೊಂಡು ಮರವಂತೆಗೆ ಹೋಗುವವನು. ಅಲ್ಲಿ ಹೆದ್ದಾರಿಯ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ. ಅಲೆಯ ತುಂತುರು ಗಾಡಿಯ ಅಡಿಗೂ ಹೋಗುತ್ತದೆ. ಘಟ್ಟದ ಮೇಲಿನವರ ಕಾರಿನಲ್ಲಿ ಹತ್ತು ವರ್ಷ ಬಾಳುವ ಅರ್ಥ್ ಕೇಬಲ್ ಇಲ್ಲಿ ಅಷ್ಟು ಬಾಳುವುದಿಲ್ಲ. ಹೊರಗೆ ರಬ್ಬರ್ ಚಂದ ಇರುತ್ತದೆ. ತುದಿಯ ಲಗ್ಗಿನ ಹತ್ತಿರ ಒಂದಂಗುಲ ಸೀಳಿ ನೋಡಿದರೆ ಒಳಗಿನ ತಾಮ್ರ ಕಪ್ಪಾಗಿ, ಹಸಿರು ಹುಡಿಯಾಗಿ ಉದುರುತ್ತದೆ. ಹಾಗಿದ್ದ ಕೇಬಲ್ಲನ್ನು ಉಜ್ಜಿ ಪ್ರಯೋಜನವಿಲ್ಲ, ಹೊಸತು ಹಾಕು. ಹಳೆಯದಕ್ಕಿಂತ ಸಣ್ಣದು ಬೇಡ. ಲಗ್ಗನ್ನು ಅಂಗಡಿಯಲ್ಲಿ ಒತ್ತಿಸಿಯೇ ತಾ, ಸುತ್ತಿಗೆಯಲ್ಲಿ ಜಜ್ಜಬೇಡ. ಕೂರುವ ಜಾಗ ಎರಡನ್ನೂ ಎಮರಿ ಪೇಪರಿನಲ್ಲಿ ಮಿಂಚುವಂತೆ ಉಜ್ಜಿ, ಬಿಗಿದು, ಆಮೇಲೆ ಮೇಲಿಂದ ವ್ಯಾಸಲಿನ್ ಬಳಿ. ಸೆಲ್ಫ್ ಕೂರುವ ಮುಖದ ಬೆಳ್ಳಿ ಬಣ್ಣವನ್ನೂ ಕೆರೆದು ತೆಗೆ.

ಕರೆಂಟಿನ ದಾರಿ ನಾಲ್ಕೂ ಅಂಕಿಯಲ್ಲಿ ಪಾಸಾದರೆ ಮಾತ್ರ ಹಲ್ಲಿನ ಕಡೆ ಬಾ. ಸೆಲ್ಫ್ ತನ್ನ ಜಾಗದಲ್ಲಿ ಕೂದಲೆಳೆಯಷ್ಟೂ ಓರೆಯಾಗಬಾರದು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಜಾಗ ಹಿಡಿಯುವ ಸಣ್ಣ ಗುಂಡು ಪಿನ್ನುಗಳಿರುತ್ತವೆ, ಡವೆಲ್ ಎನ್ನುತ್ತಾರೆ. ಅವು ಬಿದ್ದುಹೋದರೆ ಬೋಲ್ಟ್ ಎಷ್ಟು ಬಿಗಿದರೂ ಗೇರ್‌ಬಾಕ್ಸ್ ಒಂದು ಕೂದಲು ಕೆಳಗೆ ಕೂರುತ್ತದೆ, ಅದಕ್ಕೆ ಕಚ್ಚಿದ ಸೆಲ್ಫೂ ರಿಂಗಿನಿಂದ ಸರಿಯುತ್ತದೆ. ನಿನ್ನ ಡಬ್ಬಿಯಲ್ಲಿ ಉಳಿದ ಪಿನ್ ಯಾವುದೆಂದು ಕೇಳಿದ್ದು ಅದಕ್ಕೇ. ಸೆಲ್ಫಿನ ಎರಡೂ ಬೋಲ್ಟ್ ಅಸಲಿ ಉದ್ದದ್ದೇ ಇರಬೇಕು. ಉದ್ದ ಹೆಚ್ಚಾದರೆ ತಲೆ ಕೂರುವ ಮೊದಲೇ ತಳ ತಾಗುತ್ತದೆ, ಸ್ಪ್ಯಾನರಿಗೆ ಬಿಗಿ ಅನ್ನಿಸುತ್ತದೆ, ಸೆಲ್ಫ್ ಮಾತ್ರ ಅಲ್ಲಾಡುತ್ತಿರುತ್ತದೆ.

ರಿಂಗಿನ ಹಲ್ಲನ್ನು ಪೂರ್ತಿ ಒಂದು ಸುತ್ತು ನೋಡು, ಕಂಡ ತುಣುಕನ್ನು ಮಾತ್ರ ನೋಡಿ ಬಿಡಬೇಡ. ಎಂಜಿನ್ ಆಫ್ ಮಾಡಿದಾಗ ಅದು ಎಲ್ಲಿ ಬೇಕೆಂದರಲ್ಲಿ ನಿಲ್ಲುವುದಿಲ್ಲ, ಯಾವುದಾದರೂ ಸಿಲಿಂಡರಿನ ಕಂಪ್ರೆಷನ್ ತಡೆದಲ್ಲಿ ನಿಲ್ಲುತ್ತದೆ. ನಿನ್ನ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ನಿಗೆ ಹಾಗೆ ನಿಲ್ಲುವ ಜಾಗ ಮೂರು. ನಾಲ್ಕು ಸಿಲಿಂಡರಿನದ್ದಕ್ಕೆ ಎರಡು. ಬೆಂಡಿಕ್ಸ್ ಬಂದು ಬಡಿಯುವುದು ಆ ಮೂರೇ ಕಡೆಯ ಹಲ್ಲಿಗೆ. ಸವೆತವೂ ಅಲ್ಲೇ. ಉಳಿದ ಕಡೆ ಹಲ್ಲು ಹೊಸತರ ಹಾಗೆ ಕಾಣುತ್ತದೆ. ಪರೀಕ್ಷೆ ಸುಲಭ: ಸೆಲ್ಫ್ ‘ಕರ್ರ್’ ಎಂದಾಗ ಕೀ ತೆಗೆ, ಟಾಪ್ ಗೇರಿಗೆ ಹಾಕಿ ಕಾರನ್ನು ಗೇಣಷ್ಟು ಮುಂದೆ ನೂಕು, ನ್ಯೂಟ್ರಲ್ ಮಾಡಿ ಮತ್ತೆ ಹೊಡಿ. ಈಗ ಸಲೀಸಾಗಿ ಎತ್ತಿದರೆ ರಿಂಗಿನ ಹಲ್ಲು ಹೋಗಿದೆ, ಹೊಸ ಬೆಂಡಿಕ್ಸನ್ನೂ ಅದು ತಿನ್ನುತ್ತದೆ. ರಿಂಗನ್ನು ಕಾಯಿಸಿ ಕೂರಿಸುವ ಕೆಲಸ ಲೇತ್ ಶಾಪಿನವರದ್ದು. ಹಲ್ಲಿನ ಇಳಿಜಾರು ಬದಿ ಬೆಂಡಿಕ್ಸ್ ಬರುವ ಕಡೆಗೇ ಇದೆಯಾ ಎಂದು ಮಾತ್ರ ನೀನೇ ನಿಂತು ನೋಡು.

ಇನ್ನು ಟೈಮಿಂಗ್. ಡಿಸ್ಟ್ರಿಬ್ಯೂಟರನ್ನು ಅಂದಾಜಿನಲ್ಲಿ ತಿರುಗಿಸಿ ಬಿಗಿದಿದ್ದರೆ, ಅಥವಾ ಬೆಲ್ಟ್ ಒಂದು ಹಲ್ಲು ತಪ್ಪಿದ್ದರೆ, ಕಿಡಿ ಬೇಕಾದ್ದಕ್ಕಿಂತ ಮೊದಲೇ ಬರಬಹುದು. ಆಗ ಪಿಸ್ಟನ್ ಮೇಲಕ್ಕೆ ಬರುತ್ತಿರುವಾಗಲೇ ಪೆಟ್ರೋಲ್ ಉರಿದು ಅದನ್ನು ಹಿಂದಕ್ಕೆ ಒದೆಯುತ್ತದೆ. ಹಿಂದೆ ಡ್ರೈವರನ ಮುಂಗೈ ಮುರಿಯುತ್ತಿದ್ದ ಅದೇ ಒದೆ ಈಗ ಸೆಲ್ಫಿನ ಮೂತಿಗೆ, ಬೆಂಡಿಕ್ಸಿನ ಹಲ್ಲಿಗೆ ಬೀಳುತ್ತದೆ. ಕಾಯಿಲ್ ತಂತಿ ಕಳಚಿ ಸೆಲ್ಫ್ ಹೊಡೆದಾಗ ಹದವಾಗಿ ತಿರುಗಿ, ತಂತಿ ಹಾಕಿದ ಮೇಲೆ ಮುಗ್ಗರಿಸಿ ನಿಂತರೆ ಸೆಲ್ಫಿನ ಮೇಲೆ ಕೈ ಎತ್ತಬೇಡ. ಟೈಮಿಂಗ್ ಲೈಟ್ ಇರುವವರ ಹತ್ತಿರ ಹೋಗಿ ಸರಿಮಾಡಿಸು.

ಎಂಜಿನ್ ಹಿಡಿದ ಮೇಲೂ ಸೆಲ್ಫ್ ಬಿಡದೆ ಇರುವುದು ಇನ್ನೊಂದು ಕಾಟ. ಕೀಯ ಸ್ಪ್ರಿಂಗ್ ಸವೆದು ಪೂರ್ತಿ ಹಿಂದಕ್ಕೆ ಬಾರದಿದ್ದರೆ, ಸೊಲೆನಾಯ್ಡಿನ ಕಾಂಟ್ಯಾಕ್ಟ್ ಅಂಟಿಕೊಂಡಿದ್ದರೆ, ಬೆಂಡಿಕ್ಸ್ ರಿಂಗಿಗೆ ಕಚ್ಚಿಕೊಂಡೇ ಇರುತ್ತದೆ. ಬೆಂಡಿಕ್ಸಿನಲ್ಲಿರುವ ಒಂದೇ ದಿಕ್ಕಿನ ಕ್ಲಚ್ ಸ್ವಲ್ಪ ಹೊತ್ತು ಕಾಪಾಡುತ್ತದೆ, ಆಮೇಲೆ ಅದೂ ಬಿಸಿಯಾಗಿ ಹಿಡಿಯುತ್ತದೆ. ರಿಂಗಿನ ಹಲ್ಲು ಬೆಂಡಿಕ್ಸಿನದ್ದಕ್ಕಿಂತ ಹತ್ತು ಪಟ್ಟು ಎಂದಿಟ್ಟುಕೊ. ಎಂಜಿನ್ ಐಡ್ಲಿಂಗಿನಲ್ಲಿ ನಿಮಿಷಕ್ಕೆ 900 ಸುತ್ತು ತಿರುಗಿದರೆ ಸೆಲ್ಫಿನೊಳಗಿನ ಆರ್ಮೇಚರ್ 9000 ತಿರುಗುತ್ತದೆ, ಆಕ್ಸಿಲರೇಟರ್ ಒತ್ತಿದರೆ ಕೇಳುವುದೇ ಬೇಡ. ಸುರುಳಿಯ ತಂತಿ ಹೊರಕ್ಕೆ ಚಿಮ್ಮಿ ಒಡಲಿಗೆ ಉಜ್ಜಿ ಮುಗಿಯಿತು. ಎಂಜಿನ್ ಹಿಡಿದ ಕೂಡಲೇ ತೆಳ್ಳಗೆ ಕೂಗುವ ಸದ್ದು ಉಳಿದಿದೆಯಾ ಎಂದು ಕೇಳಿಸಿಕೊ. ಇದ್ದರೆ ಆ ಕ್ಷಣವೇ ಆಫ್ ಮಾಡು. ಅದಕ್ಕೂ ನಿಲ್ಲದಿದ್ದರೆ ಬ್ಯಾಟರಿಯ ನೆಗೆಟಿವ್ ಕಳಚಬೇಕು, ಹತ್ತು ನಂಬರ್ ಸ್ಪ್ಯಾನರ್ ಕೈಗೆ ಸಿಗುವ ಹಾಗೆ ಇಟ್ಟುಕೊಂಡೇ ಪರೀಕ್ಷೆ ಮಾಡು.

ಸತ್ತ ಸೆಲ್ಫ್ ಎರಡನ್ನೂ ಗುಜರಿಗೆ ಹಾಕಿಲ್ಲ ತಾನೆ? ಬೆಂಚಿನ ಮೇಲಿಟ್ಟು ಬಿಚ್ಚು. ಯಾವ ರೀತಿ ಸತ್ತಿತು ಎನ್ನುವುದು ಒಳಗೆ ಬರೆದಿರುತ್ತದೆ. ಆರ್ಮೇಚರ್ ಪೂರ್ತಿ ಕಪ್ಪಾಗಿ ವಾರ್ನಿಶ್ ಸುಟ್ಟ ವಾಸನೆ ಬಂದರೆ ಹೆಚ್ಚು ಹೊತ್ತು ಹೊಡೆದದ್ದು, ಅಥವಾ ಬಿಗಿ ಎಂಜಿನ್ನಿನೊಡನೆ ಗುದ್ದಾಡಿದ್ದು. ತಂತಿಯ ತುದಿ ಹೂವಿನ ಹಾಗೆ ಹೊರಕ್ಕೆ ಅರಳಿದ್ದರೆ ಎಂಜಿನ್ ಅದನ್ನು ತಿರುಗಿಸಿದೆ. ಸೊಲೆನಾಯ್ಡಿನ ಕಾಂಟ್ಯಾಕ್ಟ್ ಮಾತ್ರ ಗುಳಿಬಿದ್ದು ಮೋಟರ್ ಚಂದ ಇದ್ದರೆ ವೋಲ್ಟೇಜ್ ಕೊರತೆ. ಒಳಗೆಲ್ಲ ಎಣ್ಣೆ, ಕ್ಲಚ್ಚಿನ ಕರಿಹುಡಿ ಸೇರಿ ಕಾರ್ಬನ್ ಬ್ರಷ್ ಅಂಟಾಗಿದ್ದರೆ ಕ್ರ್ಯಾಂಕಿನ ಹಿಂದಿನ ಸೀಲ್ ಸೋರುತ್ತಿದೆ. ಮೂತಿ ಒಡೆದಿದ್ದರೆ ಹಿಂದೊದೆ, ಇಲ್ಲವೇ ಓರೆ ಕೂರಿಸಿದ್ದು. ಬುಶ್ ತುಕ್ಕು ಹಿಡಿದು ಒಳಗೆ ಕೆಸರಿನ ಗುರುತಿದ್ದರೆ, ಹೋದ ಮಳೆಗಾಲ ನಾವುಂದದ ಕಡೆ ನೆರೆಯ ನೀರಿನಲ್ಲಿ ಕಾರು ಇಳಿಸಿದವರು ಯಾರು ಎಂದು ನಾನು ಕೇಳುವುದಿಲ್ಲ. ಎರಡೂ ಒಂದೇ ರೀತಿ ಸತ್ತಿದ್ದರೆ ಕಾರಣ ಒಂದೇ, ಗಾಡಿಯಲ್ಲೇ ಇದೆ. ಬೇರೆಬೇರೆ ರೀತಿ ಸತ್ತಿದ್ದರೆ ಮಾತ್ರ ನಿನ್ನ ಡೂಪ್ಲಿಕೇಟ್ ಮಾತಿಗೆ ಕಿವಿ ಕೊಡುತ್ತೇನೆ.

ಜಾಗ್ರತೆಯ ಮಾತು ಕಡೆಗಲ್ಲ, ಎಲ್ಲಕ್ಕೂ ಮೊದಲೇ ಹೇಳಬೇಕಿತ್ತು. ಜಾಕ್ ಒಂದನ್ನೇ ನಂಬಿ ಗಾಡಿಯಡಿಗೆ ತಲೆ ಹಾಕಬೇಡ, ಸ್ಟ್ಯಾಂಡ್ ಕೊಡು. ಮುರಕಲ್ಲು ಜೋಡಿಸಿ ನಿಲ್ಲಿಸುವ ಚಾಳಿ ಬಿಡು, ಅದು ಹೇಳದೆ ಕೇಳದೆ ಪುಡಿಯಾಗುವ ಕಲ್ಲು. ಸೆಲ್ಫ್ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ಕಳಚು, ಜೋಡಿಸುವಾಗ ಅದನ್ನೇ ಕೊನೆಗೆ ಹಾಕು. ಚಾರ್ಜಿಗಿಟ್ಟ ಬ್ಯಾಟರಿಯಿಂದ ಬರುವುದು ಹೈಡ್ರೋಜನ್, ಅದರ ಹತ್ತಿರ ಕಿಡಿ ಹಾರಿಸಬೇಡ. ಸ್ಕ್ರೂಡ್ರೈವರಿನಲ್ಲಿ ಸೊಲೆನಾಯ್ಡ್ ಕೂಡಿಸಿ ಶೂರತನ ತೋರಿಸುವ ವಿಡಿಯೋ ನಾನೂ ನೋಡಿದ್ದೇನೆ. ಗೇರಿನಲ್ಲಿದ್ದ ಗಾಡಿ ಹಾಗೆ ಎದುರಿಗೆ ನಿಂತವನ ಮೇಲೇ ಹೋಗುತ್ತದೆ. ಲುಂಗಿ ಉಟ್ಟುಕೊಂಡು ಓಡುವ ಬೆಲ್ಟಿನ ಹತ್ತಿರ ಬಗ್ಗಬೇಡ. ಕೈಯ ಉಂಗುರ, ಲೋಹದ ವಾಚು ತೆಗೆದಿಡು. ನೂರಾರು ಆಂಪಿಯರಿಗೆ ಉಂಗುರ ಕೆಂಪಾಗಲು ಕ್ಷಣ ಸಾಕು.

ಇನ್ನು ಖರ್ಚು. ಮಾರುತಿ 800 ತಯಾರಾಗುವುದು 2014ರ ಜನವರಿಗೇ ನಿಂತಿದೆ. ಆದರೆ 1983ರಿಂದ ಅಷ್ಟು ವರ್ಷ ಓಡಿದ ಗಾಡಿಯಾದ್ದರಿಂದ ಅದರ ಸೆಲ್ಫ್ ಬಿಚ್ಚಿ ಗೊತ್ತಿಲ್ಲದ ಆಟೋ ಎಲೆಕ್ಟ್ರಿಷಿಯನ್ ನಮ್ಮ ಕಡೆ ಸಿಕ್ಕಲಿಕ್ಕಿಲ್ಲ. ನಿನ್ನ ಹಳೆಯ ಅಸಲಿ ಸೆಲ್ಫಿನ ಒಡಲು, ಆರ್ಮೇಚರ್ ಸರಿಯಿದ್ದರೆ ಕಾರ್ಬನ್, ಬುಶ್, ಸೊಲೆನಾಯ್ಡ್ ಬದಲಿಸಿ ಅದನ್ನೇ ಎಬ್ಬಿಸಿಕೊ; ಹೆಸರಿಲ್ಲದ ಹೊಸತಕ್ಕಿಂತ ಅದು ವಾಸಿ. ಎಲೆಕ್ಟ್ರಿಷಿಯನ್ ಹತ್ತಿರ ಹೋದಾಗ “ಸೆಲ್ಫ್ ಹೋಯ್ತ್, ಒಂದ್ ಕಾಣಿ” ಅಂದರೆ ಅವರು ಸೆಲ್ಫ್ ಮಾತ್ರ ಕಾಣುತ್ತಾರೆ, ತಪ್ಪು ಅವರದ್ದಲ್ಲ. “ಕ್ಲಚ್ ಕೆಲಸ ಮಾಡಿದ ಮೇಲೆ ಎರಡು ಹೋಯಿತು, ಅರ್ಥ್ ಕಡೆ ಇಷ್ಟು ವೋಲ್ಟ್ ಬೀಳುತ್ತದೆ” ಎಂದು ಹೇಳಿ ನೋಡು. ಅವರು ನಿನ್ನನ್ನು ಮಾತಾಡಿಸುವ ರೀತಿಯೇ ಬೇರೆಯಾಗುತ್ತದೆ. ಗೊತ್ತಿದ್ದವರು ಗೊತ್ತುಮಾಡಿಕೊಂಡು ಬಂದವರಿಗೆ ಹೇಳಿಕೊಡುತ್ತಾರೆ. ನನಗೂ ಹಾಗೆಯೇ ಹೇಳಿಕೊಟ್ಟರು.

ಮನೆಯಲ್ಲಿ ರಿಪೇರಿ ಮಾಡುವವನಿಗೆ ಗ್ಯಾರೇಜಿನವರಿಗಿಲ್ಲದ ಒಂದು ಅನುಕೂಲ ಉಂಟು ಮಾಣಿ, ಸಮಯ. ಅಲ್ಲಿ ಸಂಜೆಯೊಳಗೆ ಗಾಡಿ ಹೊರಗೆ ಹೋಗಬೇಕು, ಆದ್ದರಿಂದ ಪಾರ್ಟ್ ಬದಲಿಸಿ ಕಳಿಸುವುದು ಅವರಿಗೆ ಅನಿವಾರ್ಯ. ನಿನಗೆ ಆ ಒತ್ತಡ ಇಲ್ಲ. ಇಲ್ಲದ ಅವಸರವನ್ನು ನೀನೇ ತಂದುಕೊಂಡು ಪಾರ್ಟ್ ಬದಲಿಸುತ್ತ ಹೋದರೆ ಗ್ಯಾರೇಜಿನ ಖರ್ಚೂ ಆಯಿತು, ಗ್ಯಾರೇಜಿನವರ ಅನುಭವವೂ ಸಿಗಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು, ಮಾಡಿದ ಮೇಲೆ ಅಳೆ, ತಾರೀಕು ಹಾಕಿ ಬರೆದಿಡು. ಒಟ್ರಾಶಿ ನಾಲ್ಕು ಒಟ್ಟಿಗೆ ಬದಲಿಸಿದರೆ ಗಾಡಿ ಸರಿಯಾದರೂ ಯಾವುದರಿಂದ ಸರಿಯಾಯಿತೆಂದು ಗೊತ್ತಾಗುವುದಿಲ್ಲ, ಮುಂದಿನ ಸಲಕ್ಕೆ ನಿನ್ನ ಕೈ ಖಾಲಿಯೇ.

ಈ ಭಾನುವಾರ ಮರವಂತೆ ಬೇಡ. ಬ್ಯಾಟರಿ ಚಾರ್ಜ್ ಮಾಡು, ಪುಲ್ಲಿ ತಿರುಗಿಸಿ ನೋಡು, ನಾಲ್ಕು ಅಂಕಿ ಅಳೆ, ಸತ್ತ ಎರಡನ್ನೂ ಬಿಚ್ಚಿ ಫೋಟೋ ತೆಗೆ. ಮೂರನೇ ಅಂಕಿ 0.3ರ ಮೇಲೆ ಬಂದರೆ ನನಗೆ ಫೋನೂ ಮಾಡಬೇಡ, ಅರ್ಥ್ ಕೇಬಲ್ ಹಾಕಿ ಕೆಲಸ ಮುಗಿಸು. ಎಲ್ಲ ಸರಿಯಿದ್ದೂ ಸೆಲ್ಫ್ ಎತ್ತದಿದ್ದರೆ ಅಂಕಿಗಳನ್ನು ಕಳಿಸು, ಸಂಜೆ ನಾನೇ ಬರುತ್ತೇನೆ. ಬರಿ ಕೈಯಲ್ಲಿ ಬರುತ್ತೇನೆ, ಮೀಟರ್ ನಿನ್ನದೇ ಇರಲಿ.